ಹೊಸ್ತಿಲ ಹೊರಗೆ ನಿಂತ ಪೊಲೀಸರು

ಅಮೂಲ್ಯ, ಸುಮೇಧ,

ಜರ್ಮನಿಯಿಂದ ಬರುವಾಗ ಸೇಡಂನಲ್ಲಿ ನಿಮ್ಮ ಮನೆಗೆ ಬಂದ ದಿನ ನೀವಿಬ್ಬರೂ ನನ್ನ ಸೆರಗು ಹಿಡಿದು, "ಆಯಿ, ಅಲ್ಲಿ ಏನೇನ್ ನೋಡ್ದಿ? ಹೇಳು" ಎಂದು ಗಂಟುಬಿದ್ದಿರಿ. ನಾನು "ಭಾಳ ಥಂಡಿ ಇತ್ತು" ಎಂದು ಸುಮ್ಮನಾದೆ. "ಥಂಡಿ ನೋಡ್ಲಿಕ್ಕ ವಿಮಾನದಾಗ ಹೋಗಿದ್ದೇನು?" ಎಂದು ಸುಮೇಧ ಮುಖ ಊದಿಸಿದ. ಏನು ಮಾಡಲಿ, ನನ್ನ ಸ್ವಭಾವವೇ ಹಾಗೆ. ನಾಲ್ಕು ಮಂದಿ ಎದುರಿಗೆ ಕೂತು ಕಿವಿಗೊಟ್ಟರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ. ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿ ಕುರ್ಚಿಯಲ್ಲಿ ಕೂತ ಮೇಲೂ ಅದು ಬಿಡಲಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಊರ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ. ತಪ್ಪಿದ್ದರೆ ನಗಬೇಡಿ, ತಿದ್ದಿಕೊಳ್ಳಿ.

ವಾಡಿ ಸ್ಟೇಷನ್

ನಿಮ್ಮ ಸುಜಾತಾ ಅತ್ತಿ ಜರ್ಮನಿಯ ಕಾರ್ಲ್ಸ್‌ರೂಹ ಎಂಬ ಊರಿನಲ್ಲಿ ನರ್ಸ್ ಆಗಿರುವುದು ನಿಮಗೆ ಗೊತ್ತು. ಅವಳ ಹೆರಿಗೆ ಹತ್ತಿರ ಬಂದಿತ್ತು. ಬಾಣಂತನ ಮಾಡಲು ನಾನು ಹೊರಟೆ. ಹೈದರಾಬಾದಿಗೆ ಹೋಗುವ ರೈಲು ಹಿಡಿಯಲು ವಾಡಿಗೆ ಬಂದಾಗ ನಿಮ್ಮ ಸಣ್ಣ ಮುತ್ಯಾ, ಅಂದರೆ ನನ್ನ ಮೈದುನ ಭೀಮಶಾ, ಬಿಡಲು ಬಂದಿದ್ದ. ಪಂಚಾಯಿತಿಯಲ್ಲಿ ಸಹಿ ನನ್ನದು, ಮಾತು ಅವನದು. ಹಾಗೇ ನಡೆದುಕೊಂಡು ಬಂದಿತ್ತು.

ಚಹಾ ತಂದು ಕೊಟ್ಟು ಪಕ್ಕದಲ್ಲಿ ಕೂತ. "ವೈನಿ, ಆ ಗೌಡರ ಮನಿ ಮಾತು ಮುಗಿಸಿ ಹೋಗ್ರಿ. ಹೂಂ ಅಂದ್ರ ಸಾಕು. ಉಳದದ್ದು ನಾ ನೋಡ್ಕೋತೀನಿ."

ರಾವೂರಿನ ಆಚೆ ನಮ್ಮ ಊರಿನ ಓಣಿಯಲ್ಲಿ ಖಣಿಯಿಂದ ಕಲ್ಲು ತುಂಬಿದ ಲಾರಿಗಳು ಬರುವುದನ್ನು ನೀವು ನೋಡಿದ್ದೀರಿ. ಲಾರಿ ಬಂದರೆ ಸಾಲೆ ಹುಡುಗರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ರಸ್ತೆ ಅಗಲವಾಗಬೇಕು, ಅದರಲ್ಲಿ ನನಗೂ ಅನುಮಾನವಿರಲಿಲ್ಲ. ತಿರುವಿನಲ್ಲಿ ಗೌರಮ್ಮನವರ ಮನೆ ಇದೆ. ಮುಂದಿನ ಕಟ್ಟೆ ಮತ್ತು ಪಡಸಾಲೆ ರಸ್ತೆಯ ಕಡೆಗೆ ಚಾಚಿಕೊಂಡಿವೆ. ಒಂದು ಕಾಲಕ್ಕೆ ಊರ ಗೌಡಕಿ ಆ ಮನೆಯದು. ಈಗ ಗೌರಮ್ಮನವರೂ ಅವರ ವಿಧವೆ ಮಗಳು ನೀಲಮ್ಮನೂ ಇದ್ದಾರೆ. ಆ ಪಡಸಾಲೆಯಲ್ಲಿ ನೀಲಮ್ಮನ ಹೊಲಿಗೆ ಮಷಿನ್ ಇದೆ. ಇಬ್ಬರ ಹೊಟ್ಟೆ ನಡೆಯುವುದು ಅದರ ಮೇಲೆ. ಭೀಮಶಾನ ಯೋಚನೆ ಏನೆಂದರೆ, ಹೇಳುವುದು ಕೇಳುವುದು ಏನೂ ಬೇಡ, ಒಂದು ಮುಂಜಾನೆ ಜೆಸಿಬಿ ತಂದು ಪಡಸಾಲೆ ಕೆಡವಿಬಿಡುವುದು.

"ಅವರಿಗೊಂದು ಮಾತು ಕೇಳೋದ್ ಬ್ಯಾಡೇನು?" ಎಂದೆ.

"ಕೇಳ್ತಾರೇನ್ರಿ! ಕೇಳಿದ್ರ ಕೋರ್ಟಿಗೆ ಹೋಗ್ತಾರ. ಆ ಹೊಸ್ತಿಲ ಮುಂದ ತಂಬಿಗಿ ಹಿಡ್ಕೊಂಡು ಮಜ್ಜಿಗಿಗೆ ನಿಂತದ್ದು ಮರ್ತೀರೇನ್ ವೈನಿ? ಅವರು ಯಾವತ್ತರ ನಮ್ಮನ್ನ ಕೇಳ್ಯಾರ? ಈಗ ಅಧಿಕಾರ ನಿಮ್ಮ ಕೈಯಾಗ ಅದ."

ಮರೆತಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ಅತ್ತೆಯ ಜೊತೆ ಹೋಗಿ ಆ ಹೊಸ್ತಿಲ ಹೊರಗೆ ನಿಲ್ಲುತ್ತಿದ್ದೆ. ಮಜ್ಜಿಗೆ ಮೇಲಿನಿಂದ ಬೀಳುತ್ತಿತ್ತು. ಅರ್ಧ ತಂಬಿಗೆಗೆ, ಅರ್ಧ ನನ್ನ ಕೈಗೆ. ಭೀಮಶಾನ ಮಾತು ಕೇಳಿ ನನ್ನೊಳಗೆ ಎಲ್ಲೋ ಒಂದು ಕಡೆ ಹಿತವಾಯಿತು. ಸುಳ್ಳು ಯಾಕೆ ಹೇಳಲಿ.

"ಬಂದ ಮ್ಯಾಲ ನೋಡೋಣು" ಎಂದೆ. ಅಷ್ಟರಲ್ಲಿ ರೈಲು ಬಂತು. ಚಿತ್ತಾಪುರ ದಾಟಿ ಸೇಡಂ ಸ್ಟೇಷನ್ನಿನಲ್ಲಿ ನೀವು ಕಿಟಕಿಯಿಂದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಕೈಬೀಸಿದಾಗಲೂ ನನ್ನ ತಲೆಯಲ್ಲಿ ಆ ಪಡಸಾಲೆಯೇ ಇತ್ತು. ಅದಕ್ಕೇ ನಾನು ಸರಿಯಾಗಿ ನಗಲಿಲ್ಲ. ನೀವು ಏನೋ ಅಂದುಕೊಂಡಿರಿ.

ಫ್ರಾಂಕ್‌ಫರ್ಟ್

ವಿಮಾನ ಇಳಿದು ಹೊರಗೆ ಬರುವಾಗ ಒಬ್ಬ ಅಧಿಕಾರಿ ಹೆಣ್ಣುಮಗಳು ನನ್ನ ಚೀಲ ಬಿಚ್ಚಿಸಿದಳು. ಬಾಣಂತಿಯ ಉಂಡೆಗೆಂದು ತಂದ ಅಳವಿ ಬೀಜ, ಅಂಟು, ಒಣಕೊಬ್ಬರಿ, ಲೋಬಾನ, ಹುಣಸೆಹಣ್ಣು, ಒಂದೊಂದೇ ಹೊರಗೆ ಬಂದವು. ಕೊನೆಗೆ ಅವಳು ಕೈಗವಸು ಹಾಕಿಕೊಂಡು ಹಳೆ ಪೇಪರಿನಲ್ಲಿ ಸುತ್ತಿದ್ದ ಗಂಟನ್ನು ಎತ್ತಿದಳು. ಅದರಲ್ಲಿ ಎಮ್ಮೆ ಸಗಣಿಯ ಕುಳ್ಳು ಇದ್ದವು. ನಗಬೇಡಿ. ಕೂಸಿಗೆ ಎರೆದ ಮೇಲೆ ಲೋಬಾನದ ಹೊಗೆ ಹಾಕಬೇಕು, ಹೊಗೆಗೆ ಕೆಂಡ ಬೇಕು, ಕೆಂಡಕ್ಕೆ ಕುಳ್ಳು ಬೇಕು. ಆ ದೇಶದಲ್ಲಿ ಎಮ್ಮೆ ಇವೆಯೋ ಇಲ್ಲವೋ ಎಂದು ನಾನೇ ತಟ್ಟಿ ಒಣಗಿಸಿ ತಂದಿದ್ದೆ.

ಅವಳು ಏನೋ ಕೇಳಿದಳು. ನಾನು ತೋಳಿನಲ್ಲಿ ಕೂಸು ತೂಗಿದಂತೆ ಮಾಡಿ, ಹೊಗೆ ಏಳುವುದನ್ನು ಕೈಯಿಂದ ತೋರಿಸಿದೆ. ಅವಳ ಮುಖ ಬಿಳಿಚಿತು. ಕೂಸನ್ನು ಸುಡುತ್ತೇನೆ ಎಂದುಕೊಂಡಳೋ ಏನೋ! ಹಿಂದೆ ನಿಂತಿದ್ದ ತೆಲುಗು ಹುಡುಗಿ ನನ್ನನ್ನು ಉಳಿಸಿದಳು. ನಮ್ಮ ಕಡೆಯ ಹರಕು ಮುರುಕು ತೆಲುಗಿನಲ್ಲಿ ನಾನು ಹೇಳಿದೆ, ಅವಳು ಅವರ ಮಾತಿನಲ್ಲಿ ಹೇಳಿದಳು. ಅಧಿಕಾರಿ ಜೋರಾಗಿ ನಕ್ಕಳು. ಆಮೇಲೆ ಸಗಣಿಯಿಂದ ದನಗಳ ರೋಗ ಬರಬಹುದು, ಅದಕ್ಕೇ ಇದನ್ನು ಬಿಡಲು ಬರುವುದಿಲ್ಲ, ಕ್ಷಮಿಸಬೇಕು ಎಂದು ಹೇಳಿಸಿ, ನಾನು ತಲೆಯಾಡಿಸಿದ ಮೇಲೆ ಕುಳ್ಳು ತೆಗೆದಿಟ್ಟುಕೊಂಡಳು.

ಹೊರಗೆ ಬಂದ ಮೇಲೆ ನನಗೆ ಹೊಳೆಯಿತು. ನನ್ನ ಸಾಮಾನು ಕಿತ್ತುಕೊಂಡಿದ್ದಳು, ಆದರೂ ನನಗೆ ಅವಮಾನವಾಗಿರಲಿಲ್ಲ. ಯಾಕೆ ಎಂದು ಮೊದಲೇ ಹೇಳಿದ್ದಳಲ್ಲ.

ಕಾರ್ಲ್ಸ್‌ರೂಹ, ಮೂರನೇ ಮಹಡಿ

ಹೆಣ್ಣು ಕೂಸು ಹುಟ್ಟಿತು. ಮೈತ್ರಿ ಎಂದು ಹೆಸರಿಟ್ಟೆವು. ಆ ಊರು ಎಷ್ಟು ಶಾಂತವೆಂದರೆ ಕೂಸು ಅತ್ತರೆ ಇಡೀ ಓಣಿಗೆ ನಾವೊಬ್ಬರೇ ಬದುಕಿದ್ದೇವೆ ಅನ್ನಿಸುತ್ತಿತ್ತು. ಒಂದು ಭಾನುವಾರ ಅಂಟಿನುಂಡೆಗೆ ಕೊಬ್ಬರಿ ಕುಟ್ಟಲು ಕೂತೆ. ಹತ್ತು ಪೆಟ್ಟು ಬಿದ್ದಿರಲಿಕ್ಕಿಲ್ಲ, ಕೆಳಗಿನ ಮನೆಯ ಮುದುಕಿ ಹೆಲ್ಗಾ ಮೇಲೆ ಬಂದು ಬಾಗಿಲು ಬಡಿದಳು. ಭಾನುವಾರ ಸದ್ದು ಮಾಡಬಾರದಂತೆ. ಸುಜಾತಾ ಕ್ಷಮೆ ಕೇಳಿದಳು. ಅಂದಿನಿಂದ ನಾನು ಹೆಲ್ಗಾಳನ್ನು ಮೆಟ್ಟಿಲ ಮೇಲೆ ಕಂಡರೆ ಗೋಡೆಯ ಕಡೆ ಮುಖ ಮಾಡಿ ಇಳಿಯುತ್ತಿದ್ದೆ.

ಕುಳ್ಳು ಹೋಯಿತು, ಹಟ ಹೋಗಲಿಲ್ಲ. ಅಳಿಯ ಪ್ರಕಾಶ ಅಂಗಡಿಯಿಂದ ಇದ್ದಿಲು ತಂದುಕೊಟ್ಟರು. ಮೊದಲ ದಿನ ಕೋಣೆಯಲ್ಲೇ ಲೋಬಾನ ಹಾಕಿದೆ. ಸೂರಿಗೆ ಅಂಟಿಸಿದ್ದ ಡಬ್ಬಿಯೊಂದು ಚೀರಿಕೊಂಡಿತು, ಕೂಸು ಅದಕ್ಕಿಂತ ಜೋರಾಗಿ ಚೀರಿತು. ಮರುದಿನದಿಂದ ಕಬ್ಬಿಣದ ಬಾಣಲೆಯನ್ನು ಬಾಲ್ಕನಿಗೆ ಒಯ್ದೆ. ಅಲ್ಲಿ ಕೆಂಡ ಮಾಡಿ, ಲೋಬಾನ ಉದುರಿಸಿ, ಹೊಗೆ ಒಳಗೆ ಬರಲೆಂದು ಬಾಗಿಲು ತೆರೆದಿಡುತ್ತಿದ್ದೆ. ಒಂದು ದಿನ ಇದ್ದಿಲು ಹಸಿಯಿತ್ತೋ ಏನೋ, ಹೊಗೆ ಮಹಡಿ ದಾಟಿ ಮೇಲೆದ್ದಿತು. ಸ್ವಲ್ಪ ಹೊತ್ತಿಗೆ ಬಾಗಿಲ ಗಂಟೆ ಬಾರಿಸಿತು. ಸುಜಾತಾ ಕೂಸಿಗೆ ಹಾಲು ಕುಡಿಸುತ್ತಲೇ ಎದ್ದು ಬಾಗಿಲು ಅರ್ಧ ತೆರೆದಳು. ಹೊರಗೆ ಇಬ್ಬರು ಪೊಲೀಸರು, ಒಬ್ಬಳು ಹೆಂಗಸು, ಒಬ್ಬ ಗಂಡಸು.

ನಾನು ಬಾಣಲೆಗೆ ನೀರು ಸುರಿದು ಅಡುಗೆಮನೆಯ ಮೂಲೆ ಸೇರಿದೆ. ನಮ್ಮ ಊರಲ್ಲಿ ಪೊಲೀಸರು ಬಂದರೆ ಹೇಗೆ ಬರುತ್ತಾರೆ, ನಿಮಗೆ ಗೊತ್ತು. ಬೂಟಿನ ಸಪ್ಪಳ ಮೊದಲು ದೇವರ ಜಗಲಿ ಹತ್ತಿರ ಕೇಳುತ್ತದೆ, ಆಮೇಲೆ ಯಾರ ಮನೆ ಎಂದು ವಿಚಾರಿಸುತ್ತಾರೆ. ಇಲ್ಲಿ ಅವರು ಏನೋ ಕೇಳಿದರು. ಸುಜಾತಾ ಏನೋ ಹೇಳಿ ಬಾಗಿಲು ಮುಂದೆ ಮಾಡಿ ಒಳಗೆ ಬಂದಳು.

"ಹೋದ್ರೇನ?" ಎಂದೆ.

"ಇಲ್ಲವ್ವಾ, ಹೊರಗ ನಿಂತಾರ. ಕೂಸು ಹಾಲು ಕುಡೀಲಿಕತ್ತದ, ಸ್ವಲ್ಪ ತಡೀರಿ ಅಂದೀನಿ."

"ಪೊಲೀಸರಿಗೆ ತಡೀರಿ ಅಂದ್ಯಾ? ನಿನ್ನ ಬಾಯಿಗೆ ಏನಾಗ್ಯದ!"

"ಒಳಗ ಬರಬಹುದಾ ಅಂತ ಅವರು ಕೇಳಿದ್ರು. ಕೇಳಿದ ಮ್ಯಾಲ ನಾ ಹೇಳಬೇಕಲ್ಲ?"

ಕೂಸು ಪುರುಸೊತ್ತಿನಿಂದ ಕುಡಿಯಿತು, ತೇಗಿತು. ಅಷ್ಟೂ ಹೊತ್ತು ನಾನು ಬಾಗಿಲಿನ ಸಣ್ಣ ಕಣ್ಣಿನಿಂದ ಮತ್ತೆ ಮತ್ತೆ ನೋಡಿದೆ. ಅವರು ಅಲ್ಲೇ ಇದ್ದರು. ಆ ಹೆಂಗಸು ಗೋಡೆಗೆ ಒರಗಿ ಹೆರಳು ಬಿಗಿ ಮಾಡಿಕೊಳ್ಳುತ್ತಿದ್ದಳು. ಸೊಂಟದಲ್ಲಿ ಪಿಸ್ತೂಲಿತ್ತು. ಕದ ಹಗುರ, ನಾನೇ ತೋಳಿನಿಂದ ನೂಕಿದರೆ ತೆರೆಯುವಂಥದ್ದು.

ಕೊನೆಗೆ ಸುಜಾತಾ ಬರ್ರಿ ಎಂದಳು. ಬೂಟು ಒರೆಸಿ ಒಳಗೆ ಬಂದು, ಬಾಲ್ಕನಿ ನೋಡಿ, ಬಾಣಲೆ ಮುಟ್ಟಿ ನೋಡಿದರು. ಕೆಂಡದ ಹೊಗೆ ಕೂಸಿನ ಉಸಿರಿಗೆ ಕೆಟ್ಟದ್ದು, ವಾಸನೆಯಿಲ್ಲದ ವಿಷವೂ ಅದರಲ್ಲಿ ಇರುತ್ತದೆ, ದಯವಿಟ್ಟು ಬೇಡ ಎಂದಳು ಆ ಹೆಂಗಸು. ಸುಜಾತಾ ಇದೇ ಮಾತು ಹೇಳಿದಾಗ ನಾನು ಕೇಳಿರಲಿಲ್ಲ. ಅವತ್ತಿನಿಂದ ಬಿಟ್ಟೆ. ಹೋಗುವಾಗ ಅವಳು ಕೂಸಿನ ಪಾದ ನೋಡಿ ಏನೋ ಮುದ್ದು ಮಾಡಿದಳು.

ಸಂಜೆ ಸುಜಾತಾಳಿಗೆ ಕೇಳಿದೆ. "ಖರೇನೇ ಬೆಂಕಿ ಹತ್ತಿದ್ರ? ಆಗೂ ನಿಂದರ್ತಿದ್ರೇನು?"

"ಆಗ ಬಾಗಲಾ ಒಡದು ಬರ್ತಿದ್ರು. ಅದೂ ಕಾಯ್ದೇನೇ. ಬೆಂಕಿ ಇಲ್ಲಾಂದ್ರ ಕೇಳಬೇಕು, ಇಲ್ಲಾ ನ್ಯಾಯಾಧೀಶರ ಕಾಗದ ತರಬೇಕು. ಅವರಿಗೆ ಎಷ್ಟು ಅಧಿಕಾರ ಅದ ಅನ್ನೋದ್ರ ಜೋಡೀನೇ ಎಲ್ಲಿ ನಿಂದರಬೇಕು ಅನ್ನೋದೂ ಬರ್ದದ ಅವ್ವ."

ಮಕ್ಕಳೇ, ಹೊಸ್ತಿಲ ಹೊರಗೆ ನಿಲ್ಲುವುದು ಏನೆಂದು ನನಗೆ ಚೆನ್ನಾಗಿ ಗೊತ್ತು. ನಾವು ನಿಂತಿದ್ದೆವು, ಯಾಕೆಂದರೆ ಬಲ ಇರಲಿಲ್ಲ. ಬಲ ಇದ್ದವರು ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು ಆ ಮೂರನೇ ಮಹಡಿಯಲ್ಲಿ.

ಗಾಜಿನ ಕಚೇರಿ

ಪ್ರಕಾಶ ಶಹಾಬಾದಿನವರು, ಅಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಬಿಡುವಿದ್ದ ದಿನ ಕೂಸಿನ ಗಾಡಿ ತಳ್ಳುತ್ತ ನನ್ನನ್ನು ಅರಮನೆಯ ತೋಟಕ್ಕೆ ಕರೆದೊಯ್ದರು. ಅದರ ಮಗ್ಗುಲಲ್ಲಿ ತಗ್ಗಾದ, ಚೌಕಾದ ಗಾಜಿನ ಕಟ್ಟಡಗಳಿದ್ದವು.

"ಅತ್ತಿ, ಇದು ಈ ದೇಶದ ಸಂವಿಧಾನದ ಕೋರ್ಟು. ಸರ್ಕಾರ ತನ್ನ ಗೆರಿ ದಾಟಿದ್ರ ಇಲ್ಲಿಯವರು ಹಿಂದಕ್ಕ ಸರಸ್ತಾರ."

ಕೋರ್ಟು ಅಂದರೆ ನನಗೆ ಚಿತ್ತಾಪುರದ ಕಚೇರಿಗಳ ಹಾಗೆ ಕಾಂಪೌಂಡು, ಬೇವಿನ ಮರ, ಅದರ ಕೆಳಗೆ ಬುತ್ತಿ ಬಿಚ್ಚಿ ಕೂತ ಮಂದಿ. ಇಲ್ಲಿ ಹುಲ್ಲಿನ ಮೇಲೆ ಹುಡುಗ ಹುಡುಗಿಯರು ಅಂಗಾತ ಮಲಗಿದ್ದರು, ಗಾಜಿನ ಒಳಗೆ ಯಾರೋ ಕಾಗದ ಹಿಡಿದು ನಡೆಯುವುದು ಕಾಣುತ್ತಿತ್ತು. "ಎಲ್ಲಾ ಕಾಣ್ತದಲ್ಲರಿ, ನಾಚಿಕಿ ಆಗಂಗಿಲ್ಲೇನು?" ಎಂದೆ. ಪ್ರಕಾಶ ನಕ್ಕು, "ಕಾಣ್ಲಿ ಅಂತನೇ ಗಾಜು ಹಾಕ್ಯಾರ" ಎಂದರು.

ಅವರ ಸಂವಿಧಾನದ ಮೊದಲ ಸಾಲು ಏನು ಹೇಳುತ್ತದೆ ಎಂದೂ ತಿಳಿಸಿದರು. ಮನುಷ್ಯನ ಮರ್ಯಾದೆಗೆ ಯಾರೂ ಕೈ ಹಚ್ಚುವಂತಿಲ್ಲ. ಅದನ್ನು ಕಾಯುವುದೇ ಸರ್ಕಾರದ ಕೆಲಸ. ನಾನು ಎರಡು ಸಲ ಹೇಳಿಸಿಕೊಂಡೆ.

"ನಮ್ಮ ಪುಸ್ತಕದಾಗ ಇಲ್ಲೇನ್ರಿ ಇದು?"

"ಅದ ಅತ್ತಿ. ಕಾಯ್ದೆ ಬಿಟ್ಟು ಯಾರ ಜೀವಕ್ಕೂ ಕೈ ಹಚ್ಚಬಾರದು ಅಂತ ಅದ. ಮನಿ ಮ್ಯಾಲ ಮಷಿನ್ ತರೂಕಿಂತ ಮೊದ್ಲ ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು."

ಮನೆ ಎನ್ನುವ ಮಾತು ಅವರು ಸುಮ್ಮನೆ ಆಡಿದ್ದು. ಗೌರಮ್ಮನವರ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಆದರೆ ನನ್ನ ಕಾಲು ಅಲ್ಲೇ ನಿಂತಿತು. ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಆ ಪುಸ್ತಕದ ಪೀಠಿಕೆಯನ್ನು ಎಲ್ಲರಿಗೂ ಓದಿ ಹೇಳುವವಳು ನಾನೇ. ದನಿ ಏಳುವುದಿಲ್ಲ, ಆದರೂ ಓದುತ್ತೇನೆ. ಆ ಪುಸ್ತಕ ನಮ್ಮನ್ನು ಬೇರೆಯವರ ಕೈಯಿಂದ ಕಾಯುತ್ತದೆ ಎಂದೇ ತಿಳಿದಿದ್ದೆ. ನನ್ನ ಕೈಯಿಂದಲೂ ಯಾರನ್ನೋ ಕಾಯಬೇಕಾಗುತ್ತದೆ ಎಂದು ಹೊಳೆದಿರಲಿಲ್ಲ.

ಹಿತ್ತಾಳೆಯ ಕಲ್ಲು

ಒಂದು ಮುಂಜಾನೆ ಹೊರಗೆ ಬಂದಾಗ ಹೆಲ್ಗಾ ಪಕ್ಕದ ಮನೆಯ ಮುಂದೆ ನೆಲಕ್ಕೆ ಮೊಣಕಾಲೂರಿ ಏನೋ ತಿಕ್ಕುತ್ತಿದ್ದಳು. ಬಿದ್ದಿದ್ದಾಳೇನೋ ಎಂದು ಓಡಿದೆ. ಬಿದ್ದಿರಲಿಲ್ಲ. ಹಾಸುಗಲ್ಲುಗಳ ನಡುವೆ ಅಂಗೈಯಗಲದ ನಾಲ್ಕು ಹಿತ್ತಾಳೆ ತಗಡುಗಳಿದ್ದವು. ಮೇಲೆ ಅಕ್ಷರ. ನಾನು ದಿನಾ ಅವುಗಳ ಪಕ್ಕದಲ್ಲೇ ನಡೆದಿದ್ದೆ, ಕಂಡಿರಲಿಲ್ಲ.

ಸುಜಾತಾ ಕೂಸನ್ನು ಎತ್ತಿಕೊಂಡು ಇಳಿದು ಬಂದಳು. ಹೆಲ್ಗಾ ಹೇಳಿದ್ದನ್ನು ಮೆಲ್ಲಗೆ ತಿಳಿಸಿದಳು. ಹಿಂದೊಂದು ಕಾಲಕ್ಕೆ ಆ ಮನೆಯಲ್ಲಿ ಒಂದು ಯಹೂದಿ ಸಂಸಾರವಿತ್ತು, ಗಂಡ, ಹೆಂಡತಿ, ಎರಡು ಮಕ್ಕಳು. ಆಗಿನ ಸರ್ಕಾರದ ಮಂದಿ ಬಂದು ಅವರನ್ನು ಈ ಬಾಗಿಲಿನಿಂದಲೇ ಎಳೆದೊಯ್ದರು. ಧರ್ಮ ಬೇರೆ ಎಂಬುದೇ ತಪ್ಪು. ಯಾರೂ ತಿರುಗಿ ಬರಲಿಲ್ಲ. ತಗಡಿನ ಮೇಲಿದ್ದದ್ದು ಅವರ ನಾಲ್ಕು ಹೆಸರು. ಎಳೆದೊಯ್ದವರ ಹತ್ತಿರ ಅಪ್ಪಣೆ ಇತ್ತು, ಮೊಹರು ಇತ್ತು, ಎಲ್ಲವೂ ಸರ್ಕಾರದ್ದೇ. ಅದಾದ ಮೇಲೆ ಈ ದೇಶದವರು ಆ ಮೊದಲ ಸಾಲು ಬರೆದುಕೊಂಡರಂತೆ.

"ಈಕಿ ಯಾಕ ತಿಕ್ತಾಳ? ಇವರ ಪೈಕಿ ಏನು?" ಎಂದೆ.

ಸುಜಾತಾ ಕೇಳಿದಳು. ಹೆಲ್ಗಾ ತಲೆ ಅಲ್ಲಾಡಿಸಿ ಒಂದೇ ಮಾತು ಹೇಳಿದಳು. "ಅವರನ್ನ ಎಳ್ಕೊಂಡು ಹೋಗೂವಾಗ ಈಕಿ ಅಪ್ಪ ಕಿಟಕಿ ಮುಚ್ಚಿದ್ದನಂತ" ಎಂದಳು ಸುಜಾತಾ.

ನಾನು ಮೇಲೆ ಹೋಗಿ ಹುಣಸೆಹಣ್ಣು ನೆನೆಸಿಕೊಂಡು ಬಂದೆ. ಹೆಲ್ಗಾಳ ಬಟ್ಟೆಯ ಕೆಲಸ ಅಷ್ಟಕ್ಕಷ್ಟೇ ಇತ್ತು. ಹುಣಸೆಹುಳಿ ಹಚ್ಚಿ, ಹೆಬ್ಬೆರಳಿನಿಂದ ಅಕ್ಷರದ ಸಂದಿಗೆಲ್ಲ ತಿಕ್ಕಿ ನೀರು ಬಿಟ್ಟಾಗ ಆ ತಗಡುಗಳು ಹಬ್ಬದ ತಂಬಿಗೆಯ ಹಾಗೆ ಬೆಳಗಿದವು. ಹೆಲ್ಗಾ ಬೆರಳಿಗೆ ಹುಳಿ ಹಚ್ಚಿಕೊಂಡು ನೆಕ್ಕಿ ನೋಡಿ ಮುಖ ಕಿವುಚಿದಳು. ಇಬ್ಬರೂ ನಕ್ಕೆವು. ಅವಳೇ ಆ ದಿನ ಪೊಲೀಸರಿಗೆ ಫೋನ್ ಮಾಡಿದವಳು ಎಂದು ಆಗ ಗೊತ್ತಾಯಿತು. ಕೂಸಿದೆ ಎಂದು ಹೆದರಿಕೆಯಾಯಿತಂತೆ. ಆಮೇಲೆ ಒಂದು ಭಾನುವಾರ ಅವಳು ನಮ್ಮನ್ನು ದಟ್ಟ ಕಾಡಿಗೆ ಕರೆದೊಯ್ದಳು, ನಮ್ಮ ಚಿಂಚೋಳಿ ಕಾಡಿನಂಥದ್ದು, ಆದರೆ ಒಳಗೆ ಕತ್ತಲು ಜಾಸ್ತಿ. ಅದಿರಲಿ.

ತಗಡು ತಿಕ್ಕಿದ ಆ ಮುಂಜಾನೆ, ಕೈ ಇನ್ನೂ ಒದ್ದೆ ಇರುವಾಗಲೇ ಭೀಮಶಾನ ಫೋನ್ ಬಂತು.

"ವೈನಿ, ಜೆಸಿಬಿ ಓಣಿಯಾಗ ಬಂದು ನಿಂತದ. ಮುದುಕಿ ಪಡಸಾಲ್ಯಾಗ ಕುಂತು ಚೀರಾಡ್ಲಿಕತ್ತಾಳ. ಅಧ್ಯಕ್ಷರು ಹೂಂ ಅಂದ್ರೇನು ಅಂತ ಸೆಕ್ರೆಟರಿ ಕೇಳ್ತಾನ. ಸ್ಪೀಕರ್ ಹಚ್ಚೀನಿ, ಹೂಂ ಅನ್ರಿ."

ಅಲ್ಲಿ ಎಷ್ಟು ಮಂದಿ ಕೇಳುತ್ತಿದ್ದರೋ. ಕಾಲ ಬಳಿ ಆ ನಾಲ್ಕು ಹೆಸರು ಹೊಳೆಯುತ್ತಿದ್ದವು. ಒಂದು ಪಡಸಾಲೆಗೂ ನಾಲ್ಕು ಜೀವಕ್ಕೂ ಹೋಲಿಕೆ ಇಲ್ಲ, ಗೊತ್ತು. ಆದರೆ ಹೂಂ ಎನ್ನುವುದು ಎಷ್ಟು ಸಣ್ಣ ಮಾತು ನೋಡಿ.

"ಬ್ಯಾಡ" ಎಂದೆ.

"ಏನಂದ್ರಿ? ಕೇಳ್ಸಲಿಲ್ಲ."

"ಬ್ಯಾಡ ಭೀಮಶಾ! ನಾ ಬರೂತನ ಆ ಮನಿ ಕಲ್ಲು ಸುದ್ದಾ ಮುಟ್ಟಬ್ಯಾಡ್ರಿ. ಮಷಿನ್ ತಿರಗಸ್ರಿ."

ನನ್ನ ದನಿಗೆ ಕೂಸು ಎಚ್ಚರಾಗಿ ಅತ್ತಿತು.

ನಮ್ಮ ಊರು

ವಾಡಿಯಲ್ಲಿ ಇಳಿದಾಗ ಭೀಮಶಾನೇ ಬಂದಿದ್ದ, ಮುಖ ಬಿಗಿ ಮಾಡಿಕೊಂಡು. "ಊರಾಗ ನನ್ನ ಮಾನ ಹೋಯ್ತು ವೈನಿ" ಎಂದ. "ರಸ್ತಾ ಆಗ್ತದ ತಮ್ಮಾ, ಕೇಳಿ ಮಾಡೋಣು" ಎಂದೆ. ಅವನು ಮುಖ ತಿರುಗಿಸಿದ. ಆದರೆ ಚೀಲ ಅವನೇ ಹೊತ್ತ.

ಮರುದಿನ ನಾನು ಗೌರಮ್ಮನವರ ಮನೆಗೆ ಹೋದೆ. ಬೇಡವೆಂದರೂ ಭೀಮಶಾ ಹಿಂದೆಯೇ ಬಂದು ರಸ್ತೆಯಲ್ಲಿ ನಿಂತ. ಹೊಸ್ತಿಲು ಶಹಾಬಾದಿ ಕಲ್ಲಿನದು, ತುಳಿದೂ ತುಳಿದೂ ನಡುವೆ ಸವೆದಿದೆ. ನಾನು ನನ್ನ ಹಳೆಯ ಜಾಗದಲ್ಲೇ ನಿಂತೆ. ಒಳಗೆ ನೀಲಮ್ಮನ ಮಷಿನ್ ಸದ್ದು ನಿಂತಿತು. ಗೌರಮ್ಮನವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಬಂದೇನವಾ ಅಧ್ಯಕ್ಷಿಣಿ? ನಿನ್ನ ಜೆಸಿಬಿ ಎಲ್ಲಿ ನಿಲ್ಸಿ ಬಂದಿ?"

"ತಂದಿಲ್ರಿ ಅವ್ವಾರ. ಮಾತಾಡೋದಿತ್ತು. ಒಳಗ ಬರ್ಲೇನ್ರಿ?"

ಅವರು ಜೋಳದೊಳಗಿನ ಒಂದು ಕಲ್ಲು ಆರಿಸಿ ಎಸೆದರು. ಹಿಂದಿನಿಂದ ಭೀಮಶಾ ಕೂಗಿದ. "ಕೇಳೋದೇನದ ವೈನಿ! ಅಧ್ಯಕ್ಷರಿದ್ದೀರಿ, ನಡೀರಿ ಒಳಗ!" ನಾನು ಕಾಲೆತ್ತಲಿಲ್ಲ. ಬೇಡ ಅಂದಿದ್ದರೆ ಕಟ್ಟೆಯ ಮೇಲೆ ಕೂತೇ ಮಾತಾಡುತ್ತಿದ್ದೆ. ಹೋಗಲೇಬೇಕೆಂದಿದ್ದರೆ ನನ್ನನ್ನು ತಡೆಯುವವರು ಆ ಮನೆಯಲ್ಲಿ ಯಾರಿದ್ದರು? ಅದು ಅವರಿಗೂ ಗೊತ್ತಿತ್ತು.

ಗೌರಮ್ಮನವರು ಹೊಸ್ತಿಲನ್ನೂ ನನ್ನ ಕಾಲನ್ನೂ ಬಹಳ ಹೊತ್ತು ನೋಡಿದರು.

"ಈ ಮನ್ಯಾಗ ನಿನಗ ಯಾರೂ ಬಾ ಅಂದಿಲ್ಲ, ಅಲ್ಲ?"

"ಇಲ್ರಿ."

"ನಾನೂ ಅಂದಿಲ್ಲ."

ಮೊರ ಬದಿಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಬಾಗಿಲಿಗೆ ಬಂದರು. "ಬಾ, ಶಾಂತಾ. ಒಳಗ ಬಾ."

ಒಳಗೆ ಹೋದೆ. ಅಷ್ಟೇ. ಮುಂದಿನದು ಗ್ರಾಮಸಭೆಯಲ್ಲಿ. ನೋಟಿಸ್ ಕೊಟ್ಟೆವು, ಗೌರಮ್ಮನವರು ಕೋಲೂರಿಕೊಂಡು ಬಂದು ನನ್ನನ್ನು, ಪಂಚಾಯಿತಿಯನ್ನು, ಲಾರಿಯವರನ್ನು ಮನಸಾರೆ ಬೈದರು. ಬೈದು ಮುಗಿಸಿ, "ಹುಡುಗ್ರು ಲಾರಿ ಬುಡಕ ಬೀಳೋದ್ ಬ್ಯಾಡ. ನನ್ನ ಕಟ್ಟಿ ತಗೋರಿ. ಪಡಸಾಲಿ ಕೊಡಂಗಿಲ್ಲ. ಎದುರಿನ ಬಾಜು ಖಾಲಿ ಜಾಗ ಅದ, ಅದನ್ನ್ಯಾಕ ಯಾರೂ ಅಳೀವಲ್ರಿ?" ಎಂದರು. ಸಭೆಯೆಲ್ಲ ಭೀಮಶಾನ ಕಡೆ ನೋಡಿತು, ಆ ಜಾಗ ಅವನ ಗೆಳೆಯನದು. ಅವನು ತಲೆ ಕೆರೆದುಕೊಂಡು, "ಅಳೀರಿ, ಅಳೀರಿ" ಎಂದ.

ಈಗ ಲಾರಿ ಬಂದರೂ ಹುಡುಗರು ನಡೆಯಲು ಜಾಗವಿದೆ. ಪಡಸಾಲೆಯಲ್ಲಿ ಮಷಿನ್ ಓಡುತ್ತಿದೆ. ನೀವು ಸಾಲೆ ಸೂಟಿಗೆ ಬಂದಾಗ ಆ ಮನೆಗೆ ಕರೆದೊಯ್ಯುತ್ತೇನೆ. ಹಾಗೇ ನುಗ್ಗಬೇಡಿ, ಹೊಸ್ತಿಲ ಹೊರಗೆ ನಿಂತು ಕೇಳಿ. ಗಟ್ಟಿಯಾಗಿ ಕೇಳಿ. ಗೌರಮ್ಮನವರಿಗೆ ಕಿವಿ ಸ್ವಲ್ಪ ಮಂದ, ಒಳಗಿನಿಂದ ಉತ್ತರ ಬರುವುದು ತಡವಾಗುತ್ತದೆ. ಬರುವ ತನಕ ನಿಲ್ಲಿ.

ನಿಮ್ಮ ಆಯಿ